ಷಡ್ಡಕನ ಬ್ಯಾಟರಿ ಸೂಟ್‌ಕೇಸು

ತೂಬಗೆರೆಯ ನಮ್ಮ ಅಂಗಡಿ ಮುಂದೆ ನಿಂತು ತಲೆ ಎತ್ತಿದರೆ ವಿಮಾನದ ಹೊಟ್ಟೆ ಕಾಣುತ್ತದೆ. ದೇವನಹಳ್ಳಿ ಕಡೆಗೆ ಇಳಿಯುತ್ತಾ ಅದು ಚಕ್ರ ಬಿಚ್ಚುವುದನ್ನು, ಟ್ರ್ಯಾಕ್ಟರ್ ಬ್ಯಾಟರಿಗಳಿಗೆ ನೀರು ತುಂಬುತ್ತಾ ನಾನು ವರ್ಷಗಟ್ಟಲೆ ನೋಡಿದ್ದೇನೆ. ಒಳಗೆ ಕೂತವರು ಯಾರೋ ಏನೋ, ಅವರ ಮೇಲೆ ಒಂದಿಷ್ಟು ಹೊಟ್ಟೆಕಿಚ್ಚೂ ಪಟ್ಟಿದ್ದೇನೆ. ಆದರೆ ಮುಖ ಕಾಣದವರ ಮೇಲಿನ ಕಿಚ್ಚು ಹೆಚ್ಚು ಹೊತ್ತು ಉರಿಯುವುದಿಲ್ಲ. ಪಕ್ಕದಲ್ಲೇ ಕೂತವನ ಮೇಲಿನದು ಉರಿಯುತ್ತದೆ. ಅದನ್ನು ನಾನು ವಿಯೆಟ್ನಾಂವರೆಗೂ ಹೋಗಿ ತಿಳಿದುಕೊಂಡೆ.

ನನ್ನದು ಬ್ಯಾಟರಿ, ಇನ್ವರ್ಟರ್ ಅಂಗಡಿ. ವ್ಯಾಪಾರ ಚೆನ್ನಾಗಿ ಆಯಿತೆಂದು ಕಂಪನಿಯವರು ನಮ್ಮ ಕಡೆಯ ಕೆಲವು ಡೀಲರುಗಳನ್ನು ಐದು ದಿನ ವಿಯೆಟ್ನಾಂಗೆ ಕಳಿಸಿದರು. ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಬಹುದಿತ್ತು. ನನ್ನ ಹೆಂಡತಿ ಲತಾಳಿಗೆ ಆಗಷ್ಟೇ ಕಿವಿಯ ಆಪರೇಷನ್ ಆಗಿತ್ತು. ವಿಮಾನ ಹತ್ತಲೇಬಾರದೆಂದು ಡಾಕ್ಟರು ಹೇಳಿದ್ದರು. ಒಬ್ಬನೇ ಹೋಗಿ ಬರೋಣ ಎಂದುಕೊಂಡಿದ್ದೆ. ಅಷ್ಟರಲ್ಲಿ ಸೂಲಿಬೆಲೆಯಿಂದ ಮಾವನವರ ಫೋನು ಬಂತು.

"ಸೀಟು ಯಾಕಪ್ಪ ಹಾಳ್ಮಾಡ್ತೀಯ? ನಮ್ ಶಿವೂನ ಕರ್ಕೊಂಡೋಗು. ಅವನಿದ್ರೆ ನಿಂಗೂ ಧೈರ್ಯ."

ಶಿವು ಎಂದರೆ ಶಿವಕುಮಾರ, ನನ್ನ ಷಡ್ಡಕ. ಲತಾಳ ತಂಗಿಯ ಗಂಡ. ಹೊಸಕೋಟೆ ತಾಲ್ಲೂಕಿನ ಅನುಗೊಂಡನಹಳ್ಳಿಯಲ್ಲಿ ಶಾಮಿಯಾನ, ಸೌಂಡ್ ಸಿಸ್ಟಂ ಇಟ್ಟಿದ್ದಾನೆ. ನನಗಿಂತ ಆರು ವರ್ಷ ಚಿಕ್ಕವನು. ಅವನು ಮಾವನ ಮನೆಗೆ ಬಂದರೆ ಬಾಗಿಲಲ್ಲೇ ಗದ್ದಲ, ನಗು. ನಾನು ಹೋದರೆ, "ಬಾಪ್ಪ, ಕೂತ್ಕೋ" ಎಂದು ಮಾವ ಮತ್ತೆ ಟೀವಿ ಕಡೆ ತಿರುಗುತ್ತಾರೆ. ಕರೆಂಟು ಹೋದಾಗಲೂ ಆ ಟೀವಿ ಓಡುವುದು ನಾನು ಹಾಕಿಕೊಟ್ಟ ಇನ್ವರ್ಟರಿನಿಂದ. ಹೊಗಳಿಕೆ ಮಾತ್ರ ಶಿವುಗೆ. ಇದನ್ನು ಮದುವೆಯಾದಾಗಿನಿಂದ ನುಂಗಿಕೊಂಡೇ ಬಂದಿದ್ದೇನೆ.

"ಆಯ್ತು ಮಾವ" ಎಂದೆ. ಬೇರೆ ಏನು ಹೇಳಲಿ?

ದೇವನಹಳ್ಳಿ

ಏರ್‌ಪೋರ್ಟಿಗೆ ನಾನು ತಂದದ್ದು ಮಗಳ ಹಾಸ್ಟೆಲಿನ ಹಳೆಯ ಸೂಟ್‌ಕೇಸು. ಅದರ ಒಂದು ಚಕ್ರ ತಿರುಗುತ್ತಿರಲಿಲ್ಲ. ಎಳೆದರೆ ಕುಂಟುವ ನಾಯಿಯ ಹಾಗೆ ಒಂದು ಕಡೆಗೇ ವಾಲುತ್ತಿತ್ತು. ಶಿವು ತಂದದ್ದನ್ನು ನೋಡಿ ನಾನಷ್ಟೇ ಅಲ್ಲ, ನಮ್ಮ ಗುಂಪಿಗೆ ಗುಂಪೇ ಸುತ್ತ ನಿಂತುಬಿಟ್ಟಿತು. ನವಿಲು ನೀಲಿ ಬಣ್ಣ, ಗಟ್ಟಿ ಮೈ. ಬೀಗಕ್ಕೆ ಕೀಲಿಯಿಲ್ಲ, ಹೆಬ್ಬೆಟ್ಟು ಒತ್ತಿದರೆ ತೆರೆದುಕೊಳ್ಳುತ್ತದೆ. ಹಿಡಿಯಲ್ಲಿ ಸಣ್ಣ ದೀಪ. ಪಕ್ಕದಲ್ಲಿ ಫೋನು ಚಾರ್ಜ್ ಮಾಡಲು ಎರಡು ತೂತು.

"ದುಬೈನಲ್ಲಿರೋ ಫ್ರೆಂಡ್ ಕಳ್ಸಿದ್ದು. ಒಳಗೇ ಬ್ಯಾಟರಿ ಐತೆ. ಯಾರಿಗ್ ಬೇಕೋ ಚುಚ್ಕೊಳ್ಳಿ" ಎಂದ ಶಿವು.

"ಏನ್ ಗುರು ಇದು, ಸಖತ್ತಾಗಿದೆ!" ಎಂದರು ನೆಲಮಂಗಲದ ಡೀಲರ್ರು. ನಾವೆಲ್ಲ ಬ್ಯಾಟರಿ ಮಾರುವವರು. ಶಾಮಿಯಾನದವನ ಬ್ಯಾಟರಿ ನೋಡಿ ನಮ್ಮವರೇ ಬಾಯಿ ಬಿಟ್ಟರು. ನನ್ನ ಪ್ರವಾಸ, ನಾನು ಮಾರಿ ಗೆದ್ದದ್ದು. ಇನ್ನೂ ವಿಮಾನ ಹತ್ತಿಲ್ಲ, ಆಗಲೇ ಅದು ಅವನದಾಗಿತ್ತು.

ಕೌಂಟರಿನ ಸಾಲು ಮುಂದಕ್ಕೆ ಬರುವ ಹೊತ್ತಿಗೆ ಶಿವು, ಪಾಸ್‌ಪೋರ್ಟು ಸೂಟ್‌ಕೇಸು ಎರಡನ್ನೂ ನನ್ನ ಕೈಗೆ ಕೊಟ್ಟು ಫೋಟೋ ತೆಗೆಸಿಕೊಳ್ಳಲು ಹೋದ. ಕೌಂಟರಿನ ಹುಡುಗಿ ನೀಲಿ ಸೂಟ್‌ಕೇಸನ್ನು ಬಗ್ಗಿ ನೋಡಿದಳು.

"ಇದು ನಿಮ್ದಾ ಸರ್?"

"ಅಲ್ಲಮ್ಮ, ನಮ್ ಷಡ್ಡಕಂದು. ಕೈಲಿ ಹಿಡ್ಕೊಂಡೇ ಹತ್ತುತಾನಂತೆ."

"ಬ್ಯಾಟರಿ ಇರೋ ಹಾಗಿದೆ. ಹೊರಗೆ ತೆಗಿಯೋಕೆ ಬಂದ್ರೆ ತೆಗೆದು ಜೊತೇಲಿ ಇಟ್ಕೊಳ್ಳಿ, ತೊಂದ್ರೆ ಇಲ್ಲ. ತೆಗಿಯೋಕೆ ಬರಲ್ಲ ಅಂದ್ರೆ ಆ ಬ್ಯಾಗೇ ತಗೊಂಡ್ಹೋಗೋ ಹಾಗಿಲ್ಲ ಸರ್. ದಯವಿಟ್ಟು ಅವ್ರಿಗೆ ಹೇಳ್ಬಿಡಿ."

ನಾನು ತಲೆಯಾಡಿಸಿದೆ. ಪಕ್ಕಕ್ಕೆ ಬಂದು ಸೂಟ್‌ಕೇಸಿನ ಬೆನ್ನಿನ ಮೇಲೆ ಕೈಯಾಡಿಸಿದೆ. ಎಲ್ಲಿಯೂ ಮುಚ್ಚಳವಿಲ್ಲ, ಗುಂಡಿಯಿಲ್ಲ. ಬ್ಯಾಟರಿಯನ್ನು ಒಳಗಿನ ಬಟ್ಟೆಯ ಹಿಂದೆ ಸ್ಕ್ರೂ ಹಾಕಿ ಕೂರಿಸಿದ್ದಾರೆಂದು ನನ್ನಂಥವನಿಗೆ ಯಾರೂ ಹೇಳಬೇಕಾಗಿಲ್ಲ.

ಶಿವು ಬಂದ. "ಏನಂದ್ಲಣ್ಣ?"

"ಏನಿಲ್ಲ. ಟೈಮಾಯ್ತು, ಬೇಗ ಹೋಗಿ ಅಂದ್ಳು."

ಸೆಕ್ಯೂರಿಟಿಯವರು ಹಿಡಿಯಲಿ, ಎಲ್ಲರ ಮುಂದೆ ಹಿಡಿಯಲಿ ಎಂಬುದೊಂದೇ ನನ್ನ ಮನಸ್ಸಿನಲ್ಲಿದ್ದದ್ದು. ಅಲ್ಲಿ ಹಿಡಿದದ್ದು ನನ್ನನ್ನು. ದಿನವೂ ಜೇಬಿನಲ್ಲಿಟ್ಟುಕೊಳ್ಳುವ ಕರೆಂಟ್ ಟೆಸ್ಟರು ಅಭ್ಯಾಸಬಲದಿಂದ ಜೊತೆಗೇ ಬಂದಿತ್ತು. ಬೆಲ್ಟು ಬಿಚ್ಚಿಸಿ, ಕೈ ಎತ್ತಿಸಿ, ಟೆಸ್ಟರು ಕಿತ್ತುಕೊಂಡರು. ನೀಲಿ ಸೂಟ್‌ಕೇಸು ಯಂತ್ರದೊಳಗಿಂದ ಮದುಮಗನ ಹಾಗೆ ಮೆಲ್ಲಗೆ ಹೊರಬಂತು. ಶಿವು ನನ್ನ ಬೆಲ್ಟು ಎತ್ತಿಕೊಟ್ಟು, "ಟೆಸ್ಟರ್ ಹೋದ್ರೆ ಹೋಗ್ಲಿ ಬಿಡಣ್ಣ, ಬೇಜಾರ್ ಮಾಡ್ಕೋಬೇಡಿ" ಎಂದು ಸಮಾಧಾನ ಮಾಡಿದ.

ವಿಮಾನದಲ್ಲಿ ಸೂಟ್‌ಕೇಸು ಇಟ್ಟದ್ದು ಸರಿಯಾಗಿ ನನ್ನ ತಲೆಯ ಮೇಲೆ. ಬಾಗಿಲು ಹಾಕಿದ ಮೇಲೆ ನನಗೆ ಬುದ್ಧಿ ಬಂತು. ಹೋದ ಬೇಸಿಗೆಯಲ್ಲಿ ಎಲೆಕ್ಟ್ರಿಕ್ ಸ್ಕೂಟರಿನ ಇಂಥದೇ ಬ್ಯಾಟರಿಯೊಂದು ನನ್ನ ಅಂಗಡಿಯಲ್ಲಿ ಊದಿಕೊಂಡು ಹೊಗೆ ಕಾರಿತ್ತು. ಮರಳಿನಲ್ಲಿ ಹೂತರೂ ಬಹಳ ಹೊತ್ತು ಸುಂಯ್‌ಗುಡುತ್ತಿತ್ತು. ಅದನ್ನು ಕಣ್ಣಾರೆ ಕಂಡವನು ನಾನು. ಕೆಳಗೆ ಸಮುದ್ರ, ಮೇಲೆ ಆ ಪೆಟ್ಟಿಗೆ. ಊಟ ತಂದಿಟ್ಟರು, ಮುಟ್ಟಲಿಲ್ಲ. ಹೊಗೆ ವಾಸನೆ ಬರುತ್ತದೆಯೋ ಎಂದು ಮೂಗರಳಿಸುತ್ತಾ ಕೂತೆ. ಆಗಲಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಶಿವು ತನ್ನ ಊಟ ಮುಗಿಸಿ ನನ್ನದನ್ನೂ ತಿಂದು ನಿದ್ದೆಹೋದ.

ಸೈಗಾನ್

ನಕ್ಷೆಯಲ್ಲಿ ಹೋಚಿಮಿನ್ ಸಿಟಿ ಎಂದಿದ್ದರೂ ಅಲ್ಲಿಯ ಬಹಳ ಜನ ಊರನ್ನು ಸೈಗಾನ್ ಎಂದೇ ಕರೆಯುತ್ತಾರೆ. ನಮ್ಮ ಜನ ಬೆಂಗಳೂರಿಗೆ ಯಾವ ಹೆಸರಿಟ್ಟರೂ 'ಸಿಟಿ' ಎನ್ನುವ ಹಾಗೆ. ನೆಲವೇ ಕಾಣದಷ್ಟು ಸ್ಕೂಟರು. ದೊಡ್ಡಬಳ್ಳಾಪುರದ ಬಸ್‌ಸ್ಟ್ಯಾಂಡ್ ದಾಟಿದ ಧೈರ್ಯ ಅಲ್ಲಿ ಸಾಲದು. ನಮ್ಮ ಗೈಡು ದಾಟುವ ವಿದ್ಯೆ ಹೇಳಿಕೊಟ್ಟ: ಓಡಬೇಡಿ, ನಿಲ್ಲಬೇಡಿ, ಒಂದೇ ಹದದಲ್ಲಿ ನಡೆಯಿರಿ, ಸ್ಕೂಟರಿನವರೇ ಸುತ್ತಿಕೊಂಡು ಹೋಗುತ್ತಾರೆ. ನಿಜ. ಹೊಳೆಯ ನೀರು ಬಂಡೆಯನ್ನು ಬಳಸಿ ಹೋಗುವ ಹಾಗೆ ಅವರು ನಮ್ಮನ್ನು ಬಳಸಿಕೊಂಡು ಹೋದರು. ಒಬ್ಬರೂ ಬೈಯಲಿಲ್ಲ. ನಾನು ಮಾತ್ರ ನಡುವೆ ಹೆದರಿ ನಿಂತೆ. ಒಬ್ಬ ಹೆಂಗಸಿನ ಸ್ಕೂಟರಿನಿಂದ ಸೊಪ್ಪಿನ ಕಟ್ಟು ಉರುಳಿಬಿತ್ತು. ಶಿವು ಓಡಿಬಂದು ಎತ್ತಿಕೊಟ್ಟ. ಆಕೆ ಅವನನ್ನು ನೋಡಿ ನಕ್ಕಳು. ನನ್ನನ್ನು ನೋಡಲಿಲ್ಲ.

ಅಲ್ಲಿಯವರು ಕಾಫಿ ಕುಡಿಯುವುದು ನಮ್ಮ ಅಂಗನವಾಡಿ ಮಕ್ಕಳು ಕೂರುವಂಥ ಪುಟ್ಟ ಪ್ಲಾಸ್ಟಿಕ್ ಸ್ಟೂಲುಗಳ ಮೇಲೆ, ಫುಟ್‌ಪಾತಿನಲ್ಲಿ. ಲೋಟದ ಮೇಲೆ ತಗಡಿನ ಸಣ್ಣ ಫಿಲ್ಟರು; ಡಿಕಾಕ್ಷನ್ ತೊಟ್ಟು ತೊಟ್ಟಾಗಿ ಗಟ್ಟಿ ಹಾಲಿನ ಮೇಲೆ ಇಳಿಯುತ್ತದೆ. ಇಳಿಯುವವರೆಗೂ ಯಾರಿಗೂ ಅವಸರವಿಲ್ಲ. ನಾವು ಕಾಫಿಯನ್ನು ನಿಂತುಕೊಂಡೇ ಮುಗಿಸುವ ಜನ.

ಎರಡನೆಯ ದಿನ ಮಧ್ಯಾಹ್ನ ಒಬ್ಬನೇ ಸುತ್ತಾಡಲು ಹೊರಟೆ. ಒಂದು ಗಲ್ಲಿಯಲ್ಲಿ ಬ್ಯಾಟರಿ ಅಂಗಡಿ ಕಂಡಿತು. ನನ್ನದರ ಹಾಗೇ ಕಪ್ಪು ನೆಲ, ಆಸಿಡ್ ತಿಂದ ಗೋಡೆ. ಅಂಗಡಿಯವನು ಬ್ಯಾಟರಿ ಸಾಲುಗಳ ನಡುವೆ ಚಾಪೆ ಹಾಸಿ ಮಲಗಿದ್ದ. ಮಧ್ಯಾಹ್ನ ಮಲಗುವುದು ಅಲ್ಲಿ ಎಲ್ಲರ ಪದ್ಧತಿ, ನಾಚಿಕೆಯ ಮಾತಿಲ್ಲ. ಎದ್ದು ಕೂತ. ನನ್ನ ಅಂಗಡಿಯ ಫೋಟೋ ತೋರಿಸಿದೆ. ಅವನ ಮುಖ ಅರಳಿತು. ಎರಡೂ ಕೈಯಲ್ಲಿ ಹಿಡಿದು ಚಹಾ ಕೊಟ್ಟ. ಅವನು ತನ್ನ ಅಂಗೈಯ ಸುಟ್ಟ ಗುರುತು ತೋರಿಸಿದ, ನಾನು ನನ್ನದು ತೋರಿಸಿದೆ. ಭಾಷೆಯೇ ಬೇಕಾಗಲಿಲ್ಲ. ಆ ಅರ್ಧ ಗಂಟೆ ಮಾತ್ರ ಪ್ರವಾಸ ನನ್ನದಾಗಿತ್ತು.

"ಅಣ್ಣಾ! ಇಲ್ಲಿದ್ದೀರಾ? ಎಲ್ಲಾ ಕಡೆ ಹುಡುಕ್ದೆ!"

ಶಿವು ಒಳಗೆ ಬಂದು ಅಂಗಡಿಯವನ ಬೆನ್ನು ತಟ್ಟಿದ. ಮೂಲೆಯಲ್ಲಿ ಕೂತಿದ್ದ ಮುದುಕಿಗೆ, ಅವನ ತಾಯಿಯಿರಬೇಕು, ಕೈಮುಗಿದ. ಐದು ನಿಮಿಷದಲ್ಲಿ ಆ ತಾಯಿ ಅಕ್ಕಿಹಿಟ್ಟಿನ ಯಾವುದೋ ತಿಂಡಿ ತಂದು ಅವನ ಬಾಯಿಗೇ ಇಡುತ್ತಿದ್ದಳು. ಅಂಗಡಿಯವನು ನನ್ನ ಫೋನು ಹಿಂದಕ್ಕೆ ಕೊಟ್ಟು ಶಿವುವಿನ ಜೊತೆ ಫೋಟೋ ತೆಗೆಸಿಕೊಂಡ. ತೆಗೆದವನು ನಾನೇ.

ಮೆಕಾಂಗ್

ಮೆಕಾಂಗ್ ಹೊಳೆಯನ್ನು ಹೊಳೆ ಎನ್ನಲು ಬಾಯಿ ಬರುವುದಿಲ್ಲ. ನಮ್ಮ ಕಡೆ ಕೆರೆ ಕೋಡಿ ಬಿದ್ದರೆ ಊರಿಗೆ ಊರೇ ನೋಡಲು ಹೋಗುತ್ತದೆ. ಅಲ್ಲಿ ಆ ಕೆಂಪು ನೀರು ಯಾರ ಹಂಗಿಲ್ಲದೆ ಹಗಲೂ ರಾತ್ರಿ ಹರಿದುಹೋಗುತ್ತಿರುತ್ತದೆ. ಅಷ್ಟು ನೀರು ಕಂಡು ಆ ದೇಶದ ಮೇಲೂ ಹೊಟ್ಟೆ ಉರಿಯಿತು. ಒಂದು ದ್ವೀಪದಲ್ಲಿ ಇಳಿಸಿ ಹಲಸಿನ ತೊಳೆ ಕೊಟ್ಟರು. ಹಲಸಿಗೇ ಹೆಸರಾದ ತೂಬಗೆರೆಯವನ ಮುಂದೆ ಹಲಸೇ? ಗಾತ್ರ ದೊಡ್ಡದು, ಬಣ್ಣ ಚಂದ; ಆದರೆ ನಮ್ಮ ಹಿತ್ತಲಿನ ಕೆಂಪು ತೊಳೆಯ ಜೇನು ಅದರಲ್ಲಿ ಎಲ್ಲಿಂದ ಬರಬೇಕು? ಅದನ್ನೇ ಎಲ್ಲರಿಗೂ ವಿವರಿಸಲು ಶುರುಮಾಡಿದೆ. ಅಷ್ಟರಲ್ಲಿ ದೋಣಿಯ ಹೆಂಗಸು ತನ್ನ ಗೋಪುರದಂಥ ಟೋಪಿಯನ್ನು ಶಿವುವಿನ ತಲೆಗೆ ಹಾಕಿ ಹುಟ್ಟು ಕೈಗೆ ಕೊಟ್ಟಳು. ಎಲ್ಲರೂ ಆ ಕಡೆ ಓಡಿದರು. ನನ್ನ ಹಲಸಿನ ಮಾತು ನನ್ನಲ್ಲೇ ಉಳಿಯಿತು.

ಬಸ್ಸಿನಲ್ಲಿ ನೀಲಿ ಸೂಟ್‌ಕೇಸು ನಡುವಿನ ದಾರಿಯಲ್ಲೇ ಇರುತ್ತಿತ್ತು. ಸರದಿಯ ಮೇಲೆ ಎಲ್ಲರೂ ಫೋನು ಚುಚ್ಚುತ್ತಿದ್ದರು. ನಾನು ಚುಚ್ಚಲಿಲ್ಲ. ಆ ಸಂಜೆ ನನ್ನ ಫೋನು ಸತ್ತುಹೋಯಿತು. ಲತಾ ಫೋನು ಮಾಡಿ ಮಾಡಿ ಗಾಬರಿಬಿದ್ದಿದ್ದಳಂತೆ. ಕೊನೆಗೆ ಶಿವುವಿಗೆ ಮಾಡಿದಳು.

"ಅತ್ಗೆ, ಅಣ್ಣ ಇಲ್ಲೇ ನನ್ ಪಕ್ಕದಲ್ಲೇ ಇದಾರೆ, ಆರಾಮಾಗಿದಾರೆ. ಕೊಡ್ತೀನಿ ತಡೀರಿ" ಎಂದು ಫೋನು ಕೊಟ್ಟ.

"ಶಿವು ಇದ್ದಿದ್ದಕ್ಕೆ ಸರಿಹೋಯ್ತು ಕಣ್ರೀ" ಎಂದಳು ನನ್ನ ಹೆಂಡತಿ. "ನೀವೊಬ್ರೇ ಹೋಗಿದ್ರೆ ಏನ್ ಗತಿ?"

ನಾನು ಕಿಟಕಿಯಾಚೆ ನೋಡುತ್ತಾ ಕೂತೆ. ವಾಪಸ್ ಹೋಗುವಾಗಲಾದರೂ ಹಿಡಿಯಲಪ್ಪಾ ದೇವರೇ ಎಂದು ಬೇಡಿಕೊಂಡೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೆ ಬೇಡಿಕೊಂಡದ್ದು ನಿಜ.

ವಾಪಸ್ಸಿನ ಕೌಂಟರು

ದೇವರು ಕೇಳಿಸಿಕೊಂಡ. ಶಿವು ಊರಿನ ಪ್ರತಿ ಮನೆಗೂ ಒಂದೊಂದು ಪೊಟ್ಟಣದಂತೆ ಕಾಫಿಪುಡಿ, ತೆಂಗಿನ ಮಿಠಾಯಿ ಕೊಂಡಿದ್ದ. ಸೂಟ್‌ಕೇಸು ಭಾರವಾಗಿತ್ತು. ಸೈಗಾನಿನ ಕೌಂಟರಿನಾಕೆ ತೂಗಿ ನೋಡಿ, ಕೈಯಲ್ಲಿ ಒಯ್ಯಲು ಆಗುವುದಿಲ್ಲ, ಲಗೇಜಿಗೆ ಹಾಕಿ ಎಂದಳು. ಆಮೇಲೆ ಚಾರ್ಜಿಂಗ್ ತೂತಿನ ಮೇಲೆ ಬೆರಳಿಟ್ಟು, "ಬ್ಯಾಟರಿ ಔಟ್" ಎಂದಳು.

"ನೋ ಔಟ್ ಮೇಡಂ, ಇನ್‌ಸೈಡ್" ಎಂದ ಶಿವು, ತನ್ನ ಎಂದಿನ ನಗುವಿನಲ್ಲಿ.

ಅಲ್ಲಿ ನಗು ನಡೆಯಲಿಲ್ಲ. ಬ್ಯಾಟರಿಯ ಮೇಲೆ ಅಡ್ಡಗೆರೆ ಎಳೆದ ಚಿತ್ರವೊಂದನ್ನು ತೋರಿಸಿದಳು. ಬ್ಯಾಟರಿ ಹೊರಗೆ ಬರದಿದ್ದರೆ ಈ ಬ್ಯಾಗು ಲಗೇಜಿಗೂ ಇಲ್ಲ, ಕೈಗೂ ಇಲ್ಲ. ಬಿಟ್ಟು ಹೋಗಿ, ಇಲ್ಲವೇ ನೀವೂ ಉಳಿಯಿರಿ. ಮುಂದಿನವರು ಬನ್ನಿ.

ನಮ್ಮ ಗುಂಪು ಆಗಲೇ ಒಳಗೆ ಹೋಗಿತ್ತು. ನನ್ನ ಬೋರ್ಡಿಂಗ್ ಪಾಸು ನನ್ನ ಕೈಯಲ್ಲಿತ್ತು. ಶಿವು ನೆಲದ ಮೇಲೆ ಮಂಡಿಯೂರಿ ಸೂಟ್‌ಕೇಸು ತೆರೆದು ಬಟ್ಟೆ, ಪೊಟ್ಟಣ ಎಲ್ಲವನ್ನೂ ಹೊರಗೆ ಹಾಕುತ್ತಿದ್ದ. ಬೇರೆ ಬ್ಯಾಗಿರಲಿಲ್ಲ. ಸಾಲಿನಲ್ಲಿದ್ದವರು ಅವನ ಬನಿಯನ್ನುಗಳನ್ನು ದಾಟಿಕೊಂಡು ಹೋಗುತ್ತಿದ್ದರು. ಐದು ದಿನದಿಂದ ನಾನು ಕಾಯುತ್ತಿದ್ದುದು ಇದಕ್ಕೇ. ಹೊಟ್ಟೆ ತಣ್ಣಗಾಯಿತು. ಸುಳ್ಳೇಕೆ, ಒಂದು ಗಳಿಗೆ ನಿಜವಾಗಿಯೂ ತಣ್ಣಗಾಯಿತು.

"ನಾನ್ ಒಳಗೆ ಹೋಗಿ ಟೂರಿನವ್ರಿಗೆ ಹೇಳ್ತೀನಿ" ಎಂದು ಹೊರಟೆ. ಇಪ್ಪತ್ತು ಹೆಜ್ಜೆ ಹೋಗಿರಬೇಕು.

"ಅಣ್ಣಾ..."

ಅವನ ಆ ದನಿಯನ್ನು ನಾನು ಎಂದೂ ಕೇಳಿದವನಲ್ಲ. ಮೈಕು ಹಿಡಿದು ಸಾವಿರ ಜನರ ಮುಂದೆ ಕೂಗುವವನ ಗಂಟಲು ಒಣಗಿಹೋಗಿತ್ತು. ತಿರುಗಿ ನೋಡಿದೆ. ಅವನ ಕಣ್ಣಲ್ಲಿ ನೀರು ತುಂಬಿತ್ತು.

"ನಂಗೆ ಇಂಗ್ಲಿಷ್ ಬರಲ್ಲಣ್ಣ. ನೀವ್ ಹೋಗ್ಬಿಟ್ರೆ ನಾನ್ ಏನ್ ಮಾಡ್ಲಿ?"

ಈ ಐದು ದಿನವೂ ಅವನು ಯಾರ ಜೊತೆಯೂ ಎರಡು ಮಾತಿಗಿಂತ ಹೆಚ್ಚು ಇಂಗ್ಲಿಷು ಆಡಿರಲಿಲ್ಲ. ಬರೀ ನಕ್ಕಿದ್ದ, ಕೈಮುಗಿದಿದ್ದ. ಅದು ನನ್ನ ತಲೆಗೆ ಹೊಳೆದೇ ಇರಲಿಲ್ಲ.

ಹಿಂದಕ್ಕೆ ಬಂದೆ. ಸೂಟ್‌ಕೇಸಿನ ಒಳಬಟ್ಟೆಯ ಜಿಪ್ಪು ಎಳೆದೆ. ನಾನು ಅಂದುಕೊಂಡ ಹಾಗೆಯೇ ನಾಲ್ಕು ಸಣ್ಣ ಸ್ಕ್ರೂ. ಉಗುರಿನಲ್ಲಿ ತಿರುವಿದೆ, ಉಗುರು ಮುರಿಯಿತು. ಟೆಸ್ಟರು ದೇವನಹಳ್ಳಿಯಲ್ಲೇ ಹೋಗಿತ್ತು. ಸುತ್ತ ನೋಡಿದೆ. ಪೆಟ್ಟಿಗೆಗಳಿಗೆ ಪ್ಲಾಸ್ಟಿಕ್ ಸುತ್ತಿಕೊಡುವ ಯಂತ್ರದ ಪಕ್ಕ ಒಬ್ಬ ವಯಸ್ಸಾದವನು ಕೂತಿದ್ದ. ಓಡಿಹೋಗಿ ಬೆರಳು ತಿರುಗಿಸಿ ತೋರಿಸಿದೆ. ಅವನು ಡ್ರಾಯರು ತೆಗೆದು ಸ್ಕ್ರೂಡ್ರೈವರನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ಕೊಟ್ಟವನು ಸುಮ್ಮನೆ ಕೂರಲಿಲ್ಲ. ಟೇಪಿನ ಸುರುಳಿ ಹಿಡಿದು ನನ್ನ ಹಿಂದೆಯೇ ಬಂದು ಕುಕ್ಕರುಗಾಲಲ್ಲಿ ಕೂತ.

ನಾಲ್ಕು ಸ್ಕ್ರೂ ಬಂದವು. ತಂತಿ ಕತ್ತರಿಸದೆ ಕನೆಕ್ಟರ್ ಬಿಡಿಸಿ, ತುದಿಗಳಿಗೆ ಟೇಪು ಸುತ್ತಿ, ಬ್ಯಾಟರಿಯನ್ನು ಕೌಂಟರಿನ ಮೇಲೆ ಇಟ್ಟೆ. ಅದರ ಒಂದು ಮಗ್ಗುಲು ಆಗಲೇ ಸ್ವಲ್ಪ ಉಬ್ಬಿತ್ತು. ಮೇಲಧಿಕಾರಿ ಬಂದ, ತಿರುಗಿಸಿ ನೋಡಿದ, ತಲೆಯಾಡಿಸಿದ. ಇದನ್ನು ಒಯ್ಯಲು ಬಿಡುವುದಿಲ್ಲ, ಇಲ್ಲೇ ಇರಲಿ. ಸೂಟ್‌ಕೇಸು ಹೋಗಬಹುದು ಎಂದ. ನಾವು ಮೂವರೂ ಸೇರಿ ಬಟ್ಟೆ ತುಂಬಿದೆವು. ಶಿವು ಆ ಮುದುಕನ ಕೈಗೆ ಮಿಠಾಯಿಯ ಪೊಟ್ಟಣವೊಂದನ್ನು ಇಟ್ಟ. ಆಮೇಲೆ ನನ್ನನ್ನು ತಬ್ಬಿಕೊಂಡ. ಬಿಡದೆ ತಬ್ಬಿಕೊಂಡೇ ನಿಂತ.

ಮೋಡದ ಮೇಲೆ

ವಿಮಾನ ಹತ್ತಿದ ಮೇಲೆ ಅವನ ಬಾಯಿ ನಿಲ್ಲಲಿಲ್ಲ. ಹಿಂದಿನ ಸೀಟಿನವರಿಗೆ, ಮುಂದಿನ ಸೀಟಿನವರಿಗೆ, "ನಮ್ಮಣ್ಣ ಇಲ್ದಿದ್ರೆ ನಾನ್ ಅಲ್ಲೇ!" ಎಂದು ಹೇಳಿದ್ದೇ ಹೇಳಿದ್ದು. ಇಷ್ಟು ವರ್ಷ ಯಾರಾದರೂ ಹೀಗೆ ಹೇಳಲಿ ಎಂದು ಆಸೆಪಟ್ಟಿದ್ದವನು ನಾನು. ಒಂದೊಂದು ಮಾತೂ ಮುಳ್ಳಾಯಿತು.

"ಶಿವು, ಒಂದ್ ಮಾತು. ಅವತ್ತು ನಮ್ ಕೌಂಟರಿನ ಹುಡುಗಿ ಬ್ಯಾಟರಿ ವಿಷ್ಯ ನಂಗೆ ಹೇಳಿದ್ಳು. ನಿಂಗೆ ಹೇಳು ಅಂದಿದ್ಳು. ನಾನು ಬೇಕೂಂತ್ಲೇ ಹೇಳ್ಲಿಲ್ಲ."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ಯಾಕೆ?"

"ಹೊಟ್ಟೆಕಿಚ್ಚು ಕಣಪ್ಪ. ಇನ್ನೇನೂ ಇಲ್ಲ."

"ಅದು ಮೇಲೆ ಹೊತ್ಕೊಂಡಿದ್ರೆ? ನೀನೂ ಇದ್ಯಲ್ಲ ಒಳಗೆ? ಇಷ್ಟ್ ಜನ ಇದ್ರಲ್ಲ?"

ಮದುವೆಯಾದಾಗಿನಿಂದ ನನ್ನನ್ನು ನೀವು ಎನ್ನುತ್ತಿದ್ದವನು ನೀನು ಎಂದ. ಅವನು ಕಿಟಕಿಯ ಕಡೆಗೆ ತಿರುಗಿ ಕೂತ. ದೇವನಹಳ್ಳಿ ಬರುವವರೆಗೂ ತಿರುಗಲಿಲ್ಲ. ಇಳಿದ ಮೇಲೆ, "ಬರ್ತೀನಿ" ಎಂದಷ್ಟೇ ಹೇಳಿ ಹೊಸಕೋಟೆ ಕಡೆಯ ಗಾಡಿ ಹತ್ತಿದ.

ಸೂಲಿಬೆಲೆ

ಎರಡು ವಾರ ಕಳೆದು ಒಂದು ಭಾನುವಾರ ಮಾವ ಎಲ್ಲರನ್ನೂ ಊಟಕ್ಕೆ ಕರೆದರು. ನಾಟಿಕೋಳಿ ಸಾರು, ಮುದ್ದೆ. ಶಿವು ಆಗಲೇ ಎಲೆಯ ಮುಂದೆ ಕೂತಿದ್ದ. ನನ್ನ ಮುಖ ನೋಡಲಿಲ್ಲ.

ಮಾವ ಪ್ರವಾಸದ ಮಾತೆತ್ತಿದರು. ಈಗ ಎಲ್ಲ ಹೇಳುತ್ತಾನೆ ಎಂದು ನನ್ನ ಕೈ ತುತ್ತಿನಲ್ಲೇ ನಿಂತಿತು. ಶಿವು ಸೈಗಾನಿನ ಕೌಂಟರಿನ ಕಥೆ ಶುರುಮಾಡಿದ. ಬನಿಯನ್ನು ಚೆಲ್ಲಾಪಿಲ್ಲಿಯಾದದ್ದು, ಸ್ಕ್ರೂಡ್ರೈವರಿನ ಮುದುಕ, ಉಬ್ಬಿದ ಬ್ಯಾಟರಿ, ಎಲ್ಲ ಹೇಳಿದ. ನನ್ನ ತಪ್ಪನ್ನು ಮಾತ್ರ ಹೇಳಲಿಲ್ಲ.

ಮಾವ ಎಡಗೈಯನ್ನು ನನ್ನ ಭುಜದ ಮೇಲಿಟ್ಟರು. "ದೊಡ್ಡಳಿಯ ಅಂದ್ರೆ ಸುಮ್ನೇನಾ?" ಎಂದರು.

ಈ ಒಂದು ಮಾತಿಗೆ ನಾನು ಎಷ್ಟು ವರ್ಷ ಕಾದಿದ್ದೆ! ಕೈಯಲ್ಲಿದ್ದ ತುತ್ತನ್ನು ಎಲೆಯ ಮೇಲಿಟ್ಟೆ.

"ಮಾವ, ಶಿವು ಒಂದು ವಿಷ್ಯ ಬಿಟ್ಟ" ಎಂದೆ. ಹೆಂಡತಿ, ನಾದಿನಿ, ಅತ್ತೆ ಎಲ್ಲರ ಮುಂದೆ ಮೊದಲಿನಿಂದ ಹೇಳಿದೆ. ಕೌಂಟರಿನ ಹುಡುಗಿಯ ಮಾತು, ನಾನು ಆಡಿದ ಸುಳ್ಳು, ಬಸ್ಸಿನಲ್ಲಿ ದೇವರನ್ನು ಬೇಡಿಕೊಂಡದ್ದು. ಸಾರು ಬಡಿಸುತ್ತಿದ್ದ ಅತ್ತೆಯ ಸೌಟು ಗಾಳಿಯಲ್ಲೇ ನಿಂತಿತು. ಲತಾ ತಲೆ ತಗ್ಗಿಸಿದಳು.

ಮಾವ ನನ್ನ ಭುಜದಿಂದ ಕೈ ತೆಗೆದರು. ಆಮೇಲೆ ಶಿವುವಿನ ಕಡೆ ತಿರುಗಿದರು.

"ಇಷ್ಟೆಲ್ಲಾ ಗೊತ್ತಿದ್ದೂ ಒಂದ್ ಮಾತು ಆಡ್ಲಿಲ್ವಲ್ಲೋ ನೀನು! ಎಂಥಾ ದೊಡ್ಡ ಮನಸ್ಸೋ ನಿಂದು!"

"ಹೌದು ಮತ್ತೆ, ನಮ್ ಶಿವು ಅಂದ್ರೆ!" ಎಂದರು ಅತ್ತೆ, ಅವನ ಎಲೆಗೆ ಇನ್ನೆರಡು ತುಂಡು ಹಾಕುತ್ತಾ.

ಮಾನ ಬಿಟ್ಟು ನಿಜ ಹೇಳಿದವನು ನಾನು. ಹೊಗಳಿಕೆ ಮತ್ತೆ ಅವನಿಗೇ ಹೋಯಿತು. ಅಷ್ಟು ನಾಚಿಕೆಯ ನಡುವೆಯೂ ಹೊಟ್ಟೆಯೊಳಗೆ ಚುರ್ ಎಂದಿತು.

ತಲೆ ಎತ್ತಿದರೆ ಶಿವು ನನ್ನನ್ನೇ ನೋಡುತ್ತಿದ್ದ. ಎರಡು ವಾರದ ಮೇಲೆ ಮೊದಲ ಸಲ. ನನ್ನ ಮುಖದಲ್ಲಿ ಏನು ಕಂಡನೋ, ಅವನ ತುಟಿ ಅದುರಿತು.

"ಅಣ್ಣ, ಈಗ್ಲೂ ಉರೀತಾ ಐತಾ?"

"ಹ್ಞೂ ಕಣೋ" ಎಂದೆ.

ಅವನು ನಕ್ಕ ರಭಸಕ್ಕೆ ಸಾರು ನೆತ್ತಿಗೇರಿತು. ಎದ್ದು ಹೋಗಿ ನೀರು ತಂದು ಅವನ ಕೈಗೆ ಕೊಟ್ಟೆ. ಕೆಮ್ಮು ನಿಲ್ಲುವವರೆಗೂ ಬೆನ್ನು ತಟ್ಟುತ್ತಾ ನಿಂತಿದ್ದೆ.